ವಿದೇಶಕ್ಕೆ ದೂರವಾಣಿ ಕರೆ: ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ವರ್ತಕರು ಅರಿತಿರಬೇಕಾದ ಕ್ರಮ

ಗೋಕಾಕದ ಕರದಂಟು ಮತ್ತು ಮರದ ಗೊಂಬೆ, ಸಂಕೇಶ್ವರದ ಮೆಣಸಿನಕಾಯಿ, ಕಬ್ಬಿನ ಸೀಮೆಯ ಬೆಲ್ಲ ಇವು ಈ ಭಾಗದ ಹೆಸರಾಂತ ಸರಕುಗಳು. ಇವುಗಳ ಗ್ರಾಹಕರು ಇಂದು ಬೆಳಗಾವಿ, ಕೊಲ್ಹಾಪುರ ಅಥವಾ ಮುಂಬಯಿಯಲ್ಲಿ ಮಾತ್ರ ಇರಬೇಕೆಂಬ ನಿಯಮವೇನಿಲ್ಲ. ದುಬೈ, ಸಿಂಗಪುರ ಅಥವಾ ಲಂಡನ್‌ನಲ್ಲಿರುವ ವ್ಯಾಪಾರಿಯೂ ಒಂದು ದಿನ ಬೆಲೆ ವಿಚಾರಿಸಬಹುದು. ಇ-ಮೇಲ್ ಮತ್ತು ಸಂದೇಶಗಳು ಎಷ್ಟೇ ಬಳಕೆಗೆ ಬಂದಿದ್ದರೂ, ಮುಂಗಡ ಕಳಿಸುವ ಮುನ್ನ ಎದುರಿನವರ ಧ್ವನಿ ಕೇಳಬೇಕೆಂದು ಬಯಸುವುದು ವ್ಯಾಪಾರಿಗಳ ಸಹಜ ಗುಣ. ಆ ಒಂದು ಕರೆ ತಲುಪದಿದ್ದರೆ ವ್ಯವಹಾರ ಅಲ್ಲಿಗೇ ನಿಲ್ಲುತ್ತದೆ. ತಪ್ಪು ವ್ಯಕ್ತಿಗೆ ತಲುಪಿದರೆ ಹಣವೇ ಹೋಗಬಹುದು. ಆದ್ದರಿಂದ ವಿದೇಶೀ ಕರೆಯ ಕ್ರಮವನ್ನು ಮೊದಲಿನಿಂದ ಕಡೆಯವರೆಗೆ ತಿಳಿದುಕೊಳ್ಳುವುದು ಸಣ್ಣ ಉದ್ಯಮಿಗೂ ಅವಶ್ಯಕ.

ಸಂಕ್ಷಿಪ್ತ ಹಿನ್ನೆಲೆ

ಭಾರತ ಮತ್ತು ಇಂಗ್ಲೆಂಡ್ ನಡುವೆ ರೇಡಿಯೋ ಮೂಲಕ ದೂರವಾಣಿ ಸಂಪರ್ಕ ಆರಂಭವಾದದ್ದು 1933ರಲ್ಲಿ. ಆನಂತರ ಹಲವು ದಶಕಗಳ ಕಾಲ ಪರಸ್ಥಳದ ಕರೆಯೆಂದರೆ ಟ್ರಂಕ್ ಕಾಲ್ ನೋಂದಾಯಿಸಿ, ಆಪರೇಟರು ಸಂಪರ್ಕ ಕೊಡುವವರೆಗೆ ಕಾಯುವುದೇ ಆಗಿತ್ತು. ದೇಶದೊಳಗೆ ಚಂದಾದಾರರು ತಾವೇ ಸಂಖ್ಯೆ ತಿರುಗಿಸಿ ಮಾತನಾಡುವ ಎಸ್.ಟಿ.ಡಿ. ಸೌಲಭ್ಯ 1960ರಲ್ಲಿ ಲಖನೌ ಮತ್ತು ಕಾನ್ಪುರಗಳ ನಡುವೆ ಪ್ರಾರಂಭವಾಯಿತು.

ಗ್ರಾಮೀಣ ದೂರವಾಣಿಯ ಇತಿಹಾಸದಲ್ಲಿ ಬೆಳಗಾವಿ ಜಿಲ್ಲೆಗೂ ಒಂದು ಸ್ಥಾನವಿದೆ. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆಯು ದೇಶೀಯವಾಗಿ ರೂಪಿಸಿದ ಗ್ರಾಮೀಣ ಸ್ವಯಂಚಾಲಿತ ಎಕ್ಸ್‌ಚೇಂಜನ್ನು 1986ರಲ್ಲಿ ಮೊದಲು ಅಳವಡಿಸಿದ್ದು ಇದೇ ಜಿಲ್ಲೆಯ ಕಿತ್ತೂರಿನಲ್ಲಿ. ಧೂಳು ಮತ್ತು ಬಿಸಿಲನ್ನು ತಾಳಿಕೊಂಡು, ಹವಾನಿಯಂತ್ರಣವಿಲ್ಲದೆ ಕೆಲಸ ಮಾಡಬಲ್ಲ ಇಂಥ ಎಕ್ಸ್‌ಚೇಂಜುಗಳಿಂದಲೇ ಹಳ್ಳಿ ಮತ್ತು ಸಣ್ಣ ಪಟ್ಟಣಗಳಿಗೆ ನೇರ ಸಂಪರ್ಕ ದೊರೆಯಿತು. ಅದೇ ವರ್ಷ ವಿದೇಶ ಸಂಚಾರ ನಿಗಮ ಲಿಮಿಟೆಡ್ ಅಸ್ತಿತ್ವಕ್ಕೆ ಬಂದಿತು. ಹೊರದೇಶದ ಕರೆಗಳ ಮೇಲೆ ಆ ನಿಗಮಕ್ಕಿದ್ದ ಏಕಸ್ವಾಮ್ಯ 2002ರಲ್ಲಿ ಕೊನೆಗೊಂಡಿತು. ಅಂತರ್ಜಾಲದ ಮೂಲಕ ಮಾತನಾಡಲೂ ಅದೇ ವರ್ಷ ಅನುಮತಿ ದೊರೆಯಿತು. ಐ.ಎಸ್.ಡಿ. ಬೂತಿನಲ್ಲಿ ಮೀಟರ್ ನೋಡುತ್ತ ಆತುರದಿಂದ ಮಾತು ಮುಗಿಸುತ್ತಿದ್ದ ಕಾಲ ಹೀಗೆ ಕ್ರಮೇಣ ಹಿಂದೆ ಸರಿಯಿತು.

ಸಂಖ್ಯೆಯ ರಚನೆ

ಜಗತ್ತಿನ ಎಲ್ಲ ದೂರವಾಣಿ ಸಂಖ್ಯೆಗಳಿಗೂ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು ಒಂದು ಸಮಾನ ರಚನೆಯನ್ನು ಗೊತ್ತುಪಡಿಸಿದೆ. ಅದರಂತೆ ದೇಶದ ಸಂಕೇತವೂ ಸೇರಿ ಒಂದು ಸಂಖ್ಯೆ 15 ಅಂಕಿಗಳನ್ನು ಮೀರಬಾರದು. ಮೊದಲು ದೇಶದ ಸಂಕೇತ, ಅನಂತರ ಊರಿನ ಸಂಕೇತ, ಕೊನೆಗೆ ಸ್ಥಳೀಯ ಸಂಖ್ಯೆ ಎಂಬುದು ಕ್ರಮ. ಭಾರತದ ಸಂಕೇತ 91. ಈ ಭಾಗದ ಮೂರು ಊರುಗಳ ಸಂಕೇತಗಳು ಅನುಕ್ರಮವಾಗಿಯೇ ಇವೆ:

ಗೋಕಾಕ – 08332
ಹುಕ್ಕೇರಿ – 08333
ಮೂಡಲಗಿ – 08334

ಇವು ಕಂದಾಯ ತಾಲ್ಲೂಕಿನ ಗಡಿಯನ್ನೇ ಅನುಸರಿಸಿದವಲ್ಲ. ದೂರವಾಣಿ ಇಲಾಖೆಯ ವಲಯಗಳನ್ನು ಅನುಸರಿಸಿದವು. ಮೂಡಲಗಿಯು ಗೋಕಾಕ ತಾಲ್ಲೂಕಿನ ಭಾಗವಾಗಿದ್ದಾಗಲೂ ಅದಕ್ಕೆ ಪ್ರತ್ಯೇಕ ಸಂಕೇತವಿತ್ತು. ಹಾಗೆಯೇ ಸಂಕೇಶ್ವರದವರು ಹುಕ್ಕೇರಿಯ ಸಂಕೇತವನ್ನೂ, ಘಟಪ್ರಭಾದವರು ಗೋಕಾಕದ ಸಂಕೇತವನ್ನೂ ಬಳಸುತ್ತಾರೆ. ವಿಳಾಸದಲ್ಲಿರುವ ತಾಲ್ಲೂಕಿನ ಹೆಸರು ನೋಡಿ ಸಂಕೇತವನ್ನು ಊಹಿಸಬಾರದು.

ಸಂಕೇತದ ಮೊದಲಲ್ಲಿರುವ ಸೊನ್ನೆ ಊರಿನ ಸಂಕೇತದ ಭಾಗವಲ್ಲ ಎಂಬುದು ಇಲ್ಲಿ ಮುಖ್ಯ. ದೇಶದೊಳಗೆ ಪರಸ್ಥಳಕ್ಕೆ ಕರೆ ಮಾಡಲು ಬಾಗಿಲು ತೆರೆಯುವ ಅಂಕಿ ಅದು. ವಿದೇಶದಿಂದ ಕರೆಯುವವರು ಅದನ್ನು ಬಿಡಬೇಕು. ಸೊನ್ನೆ ಬಿಟ್ಟರೆ ಗೋಕಾಕದ ಸಂಕೇತ ನಾಲ್ಕು ಅಂಕಿ, ಸ್ಥಳೀಯ ಸಂಖ್ಯೆ ಆರು ಅಂಕಿ, ಒಟ್ಟು ಹತ್ತು. 91 ಸೇರಿದರೆ ಹನ್ನೆರಡು. ಹೀಗೆ ಅಂಕಿಗಳನ್ನು ಎಣಿಸಿ ನೋಡಿದರೆ ಸಂಖ್ಯೆ ಪೂರ್ಣವಾಗಿದೆಯೇ ಎಂಬುದು ತಕ್ಷಣ ತಿಳಿಯುತ್ತದೆ.

ಲೆಟರ್‌ಹೆಡ್ಡಿನಲ್ಲಿ ಬರೆಯುವ ಬಗೆ

ಅನೇಕ ಅಂಗಡಿ ಮತ್ತು ಕಾರ್ಖಾನೆಗಳ ಬಿಲ್ ಪುಸ್ತಕ, ವಿಸಿಟಿಂಗ್ ಕಾರ್ಡ್ ಹಾಗೂ ಸರಕಿನ ಪೊಟ್ಟಣಗಳ ಮೇಲೆ ಕೇವಲ ಆರಂಕಿಯ ಸಂಖ್ಯೆ ಅಥವಾ ಸೊನ್ನೆಯಿಂದ ಆರಂಭವಾಗುವ ಸಂಖ್ಯೆ ಇರುತ್ತದೆ. ಊರಿನವರಿಗೆ ಇದು ಸಾಕು. ವಿದೇಶದ ಗ್ರಾಹಕನಿಗೆ ಇದರಿಂದ ಉಪಯೋಗವಿಲ್ಲ. +91 (0)8332 ಎಂದು ಆವರಣದಲ್ಲಿ ಸೊನ್ನೆ ಬರೆಯುವ ರೂಢಿಯೂ ಇದೆ. ಅದನ್ನು ಹಾಗೆಯೇ ಒತ್ತಿದವರ ಕರೆ ತಲುಪುವುದಿಲ್ಲ. ಸರಿಯಾದ ರೂಪ ಹೀಗಿದೆ:

ಸ್ಥಿರ ದೂರವಾಣಿ: +91 8332 ○○○○○○
ಮೊಬೈಲ್: +91 ○○○○○ ○○○○○

ಇಲ್ಲಿ + ಚಿಹ್ನೆಯು ಆಯಾ ದೇಶದಿಂದ ಹೊರಕ್ಕೆ ಕರೆ ಮಾಡುವ ಸಂಕೇತವನ್ನು ಪ್ರತಿನಿಧಿಸುತ್ತದೆ. ಇದು ಎಲ್ಲ ದೇಶಗಳಲ್ಲೂ ಒಂದೇ ಅಲ್ಲ. ಭಾರತ, ಬ್ರಿಟನ್ ಮತ್ತು ಸಂಯುಕ್ತ ಅರಬ್ ಎಮಿರೇಟ್ಸ್‌ಗಳಲ್ಲಿ ಅದು 00, ಅಮೆರಿಕ ಮತ್ತು ಕೆನಡಾಗಳಲ್ಲಿ 011, ಆಸ್ಟ್ರೇಲಿಯಾದಲ್ಲಿ 0011, ಜಪಾನಿನಲ್ಲಿ 010. ಲೆಟರ್‌ಹೆಡ್ಡಿನಲ್ಲಿ 0091 ಎಂದು ಮುದ್ರಿಸಿದರೆ ಅಮೆರಿಕದವರಿಗೆ ಗೊಂದಲವಾಗುತ್ತದೆ. +91 ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ.

ಗೋಕಾಕದ ಸ್ಥಿರ ಸಂಖ್ಯೆಯೂ 8ರಿಂದ ಆರಂಭವಾಗಿ ಹತ್ತು ಅಂಕಿಗಳಾಗುವುದರಿಂದ ಅದನ್ನು ಮೊಬೈಲ್ ಎಂದು ಭಾವಿಸಿ ಸಂದೇಶ ಕಳಿಸಿ, ಉತ್ತರಕ್ಕಾಗಿ ಕಾಯುವ ಸಂಭವವಿದೆ. ಯಾವುದು ಸ್ಥಿರ, ಯಾವುದು ಮೊಬೈಲ್ ಎಂದು ಸ್ಪಷ್ಟವಾಗಿ ನಮೂದಿಸಬೇಕು.

ಇಲ್ಲಿಂದ ವಿದೇಶಕ್ಕೆ ಕರೆ ಮಾಡುವುದು

ಮೊದಲು ಬಳಸುವ ದೂರವಾಣಿಗೆ ಐ.ಎಸ್.ಡಿ. ಸೌಲಭ್ಯವಿದೆಯೇ ಎಂದು ಸೇವಾದಾರರಲ್ಲಿ ವಿಚಾರಿಸಬೇಕು. ದೇಶದೊಳಗೆ ಎಷ್ಟಾದರೂ ಮಾತನಾಡಬಹುದಾದ ಮೊಬೈಲ್ ಯೋಜನೆಗಳಲ್ಲಿ ವಿದೇಶೀ ಕರೆಯೂ ಸೇರಿರುತ್ತದೆಂದು ಭಾವಿಸಬಾರದು. ದೇಶದಿಂದ ದೇಶಕ್ಕೆ ದರ ಬೇರೆಯಾಗಿರುತ್ತದೆ. ಆಗಾಗ್ಗೆ ಕರೆ ಮಾಡುವವರು ನಿಮಿಷದ ದರವನ್ನೂ ವಿಶೇಷ ಪ್ಯಾಕಿನ ದರವನ್ನೂ ಹೋಲಿಸಿ ನೋಡುವುದು ಒಳಿತು.

ಸಂಖ್ಯೆ ಒತ್ತುವ ಕ್ರಮ: 00, ದೇಶದ ಸಂಕೇತ, ಸೊನ್ನೆ ಬಿಟ್ಟ ಊರಿನ ಸಂಕೇತ, ಸ್ಥಳೀಯ ಸಂಖ್ಯೆ. ಕೆಲವು ಉದಾಹರಣೆಗಳು:

ದುಬೈ (ಸ್ಥಳೀಯವಾಗಿ 04) – 00 971 4, ಮುಂದೆ ಸಂಖ್ಯೆ
ಲಂಡನ್ (ಸ್ಥಳೀಯವಾಗಿ 020) – 00 44 20, ಮುಂದೆ ಸಂಖ್ಯೆ
ಢಾಕಾ (ಸ್ಥಳೀಯವಾಗಿ 02) – 00 880 2, ಮುಂದೆ ಸಂಖ್ಯೆ
ಕಾಠ್ಮಂಡು (ಸ್ಥಳೀಯವಾಗಿ 01) – 00 977 1, ಮುಂದೆ ಸಂಖ್ಯೆ
ಸಿಂಗಪುರ (ಊರಿನ ಸಂಕೇತವಿಲ್ಲ) – 00 65, ಮುಂದೆ ಎಂಟು ಅಂಕಿ

ಸೊನ್ನೆ ಬಿಡುವ ನಿಯಮಕ್ಕೆ ಇಟಲಿ ಒಂದು ಅಪವಾದ. ಅಲ್ಲಿನ ಸ್ಥಿರ ದೂರವಾಣಿಗೆ ಕರೆ ಮಾಡುವಾಗ ಸೊನ್ನೆಯನ್ನು ಉಳಿಸಿಕೊಳ್ಳಬೇಕು. ಮಿಲಾನ್ ನಗರಕ್ಕೆ 00 39 02 ಎಂದೇ ಒತ್ತಬೇಕು. ಅಮೆರಿಕ ಮತ್ತು ಕೆನಡಾಗಳ ಸಂಕೇತವಾದ 1ನ್ನು ಕೆರಿಬಿಯನ್ ಪ್ರದೇಶದ ಹಲವು ದ್ವೀಪಗಳೂ ಹಂಚಿಕೊಂಡಿವೆ. 1 876 ಎಂದರೆ ಅಮೆರಿಕವಲ್ಲ, ಜಮೈಕಾ. ಅಪರಿಚಿತ ವಿದೇಶೀ ಸಂಖ್ಯೆಯಿಂದ ಮಿಸ್ಡ್ ಕಾಲ್ ಬಂದರೆ ಸಂಕೇತ ಪರಿಶೀಲಿಸದೆ ಮರಳಿ ಕರೆಯಬಾರದು. ಹಾಗೆ ಕರೆಸಿ ದುಬಾರಿ ಶುಲ್ಕ ವಸೂಲು ಮಾಡುವ ವಂಚನೆ ಹಲವು ದೇಶಗಳಲ್ಲಿ ನಡೆದಿದೆ.

ವಾಟ್ಸ್‌ಆ್ಯಪ್ ಮೊದಲಾದ ಅಂತರ್ಜಾಲ ಕರೆಗಳು ಖರ್ಚು ಉಳಿಸುತ್ತವೆ, ನಿಜ. ಆದರೆ ಎಲ್ಲ ದೇಶಗಳಲ್ಲೂ ಅವುಗಳಿಗೆ ಅವಕಾಶವಿಲ್ಲ. ಚೀನಾದಲ್ಲಿ ವಾಟ್ಸ್‌ಆ್ಯಪ್‌ಗೆ ನಿರ್ಬಂಧವಿದೆ. ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ಅಂತರ್ಜಾಲ ಕರೆಗಳಿಗೆ ಅಲ್ಲಿನ ನಿಯಂತ್ರಕರು ಅನುಮತಿಸಿದ ಆ್ಯಪ್‌ಗಳನ್ನೇ ಬಳಸಬೇಕಾಗುತ್ತದೆ. ಆದ್ದರಿಂದ ಸಾಮಾನ್ಯ ದೂರವಾಣಿಯ ದಾರಿಯನ್ನು ಪೂರ್ಣವಾಗಿ ಮರೆಯುವಂತಿಲ್ಲ.

ಕರೆ ಮಾಡುವ ವೇಳೆ

ದುಬೈ ಭಾರತಕ್ಕಿಂತ ಒಂದೂವರೆ ಗಂಟೆ ಹಿಂದಿದೆ. ಸೌದಿ ಅರೇಬಿಯಾ ಎರಡೂವರೆ ಗಂಟೆ ಹಿಂದಿದೆ. ಬಾಂಗ್ಲಾದೇಶ ಅರ್ಧ ಗಂಟೆ ಮುಂದೆ, ನೇಪಾಳ ಕಾಲು ಗಂಟೆ ಮುಂದೆ, ಸಿಂಗಪುರ ಎರಡೂವರೆ ಗಂಟೆ ಮುಂದೆ ಇವೆ. ಶ್ರೀಲಂಕಾದ ವೇಳೆ ನಮ್ಮದೇ.

ಬ್ರಿಟನ್ ಮತ್ತು ಅಮೆರಿಕಗಳಲ್ಲಿ ಬೇಸಿಗೆಗೆ ಗಡಿಯಾರವನ್ನು ಒಂದು ಗಂಟೆ ಮುಂದೆ ಇಡುತ್ತಾರೆ. ಬ್ರಿಟನ್ನಿನಲ್ಲಿ ಇದು ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ; ಅಮೆರಿಕದ ಬಹುಭಾಗದಲ್ಲಿ ಮಾರ್ಚ್ ಎರಡನೆಯ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ. ಹುಕ್ಕೇರಿಯಲ್ಲಿ ಮಧ್ಯಾಹ್ನ 2.30 ಆದಾಗ ಲಂಡನ್‌ನಲ್ಲಿ ಬೇಸಿಗೆಯಲ್ಲಿ ಬೆಳಗಿನ 10, ಚಳಿಗಾಲದಲ್ಲಿ 9. ಇಲ್ಲಿ ಸಂಜೆ 7 ಆದಾಗ ನ್ಯೂಯಾರ್ಕಿನಲ್ಲಿ ಬೇಸಿಗೆಯಲ್ಲಿ ಬೆಳಗಿನ 9.30, ಚಳಿಗಾಲದಲ್ಲಿ 8.30.

ವಾರದ ರಜೆಯನ್ನೂ ಗಮನಿಸಬೇಕು. ಸೌದಿ ಅರೇಬಿಯಾದಲ್ಲಿ 2013ರಿಂದ ಶುಕ್ರವಾರ ಮತ್ತು ಶನಿವಾರ ರಜೆ. ಸಂಯುಕ್ತ ಅರಬ್ ಎಮಿರೇಟ್ಸ್‌ನ ಸರ್ಕಾರಿ ಕಚೇರಿಗಳು 2022ರಿಂದ ಶನಿವಾರ ಮತ್ತು ಭಾನುವಾರದ ರಜೆಗೆ ಬದಲಾಗಿವೆ. ಶುಕ್ರವಾರ ಅರ್ಧ ದಿನ ಮಾತ್ರ ಕೆಲಸ. ರಂಜಾನ್ ತಿಂಗಳಲ್ಲಿ ಕೊಲ್ಲಿ ರಾಷ್ಟ್ರಗಳ ಕಚೇರಿ ವೇಳೆ ಕಡಿಮೆಯಾಗುತ್ತದೆ.

ಮಾತುಕತೆಯ ಸಿದ್ಧತೆ

ಕರೆ ಮಾಡುವ ಮುನ್ನ ಸರಕಿನ ಹೆಸರು, ದರ್ಜೆ, ಪ್ರಮಾಣ, ಪ್ಯಾಕಿಂಗ್, ದರ, ರವಾನೆಯ ದಿನಾಂಕ ಇವುಗಳನ್ನು ಒಂದು ಹಾಳೆಯಲ್ಲಿ ಬರೆದು ಎದುರಿಗಿಟ್ಟುಕೊಳ್ಳಬೇಕು. ಕ್ವಿಂಟಲ್, ಲಕ್ಷ, ಕೋಟಿ ಎಂಬ ಲೆಕ್ಕ ಹೊರದೇಶದ ಅನೇಕರಿಗೆ ಅಪರಿಚಿತ. ಕಿಲೋಗ್ರಾಂ ಅಥವಾ ಮೆಟ್ರಿಕ್ ಟನ್‌ಗಳಲ್ಲಿ ಹೇಳುವುದು ಸುರಕ್ಷಿತ. ಇಂಗ್ಲಿಷಿನಲ್ಲಿ ಫಿಫ್ಟೀನ್ ಮತ್ತು ಫಿಫ್ಟಿ ಒಂದೇ ರೀತಿ ಕೇಳಿಸುತ್ತವೆ. 15 ಟನ್ನಿನ ಮಾತು 50 ಆಗದಂತೆ ‘ಒನ್ ಫೈವ್’ ಎಂದು ಅಂಕಿಗಳನ್ನು ಬಿಡಿಸಿ ಹೇಳಬೇಕು. 03/04 ಎಂಬ ದಿನಾಂಕ ಇಲ್ಲಿ ಏಪ್ರಿಲ್ 3, ಅಮೆರಿಕದಲ್ಲಿ ಮಾರ್ಚ್ 4. ತಿಂಗಳ ಹೆಸರನ್ನೇ ಹೇಳಬೇಕು. ದರ ಹೇಳುವಾಗ ಅದು ಬಂದರಿನಲ್ಲಿ ಹಡಗಿಗೇರಿಸುವವರೆಗಿನದೋ, ಸಾಗಣೆ ಮತ್ತು ವಿಮೆ ಸೇರಿದ್ದೋ ಎಂಬುದು ಸ್ಪಷ್ಟವಿರಬೇಕು. ಕರೆ ಮುಗಿದ ದಿನವೇ ಒಪ್ಪಿದ ವಿಷಯಗಳನ್ನು ಇ-ಮೇಲ್ ಮೂಲಕ ಬರೆದು ಕಳಿಸಿ, ಅವರ ಒಪ್ಪಿಗೆ ಪಡೆಯಬೇಕು.

ಹಣದ ವಿಷಯದಲ್ಲಿ ಎಚ್ಚರ

ವಿದೇಶೀ ವ್ಯವಹಾರದಲ್ಲಿ ದೂರವಾಣಿಯ ಅತಿ ದೊಡ್ಡ ಉಪಯೋಗ ಇಂದು ಇಲ್ಲಿದೆ. ಒಬ್ಬ ಉದ್ಯಮಿ ಪ್ಯಾಕಿಂಗ್ ಯಂತ್ರವನ್ನು ಹೊರದೇಶದಿಂದ ತರಿಸುತ್ತಿದ್ದಾನೆ ಎಂದಿಟ್ಟುಕೊಳ್ಳೋಣ. ಮುಂಗಡ ಕಳಿಸುವ ಹೊತ್ತಿಗೆ ಮಾರಾಟಗಾರನ ಹೆಸರಿನಲ್ಲಿ ಇ-ಮೇಲ್ ಬರುತ್ತದೆ: ಹಳೆಯ ಖಾತೆ ಲೆಕ್ಕಪರಿಶೋಧನೆಯಲ್ಲಿದೆ, ಹಣವನ್ನು ಈ ಹೊಸ ಖಾತೆಗೆ ಕಳಿಸಿ. ವಿಳಾಸದಲ್ಲಿ ಒಂದೇ ಒಂದು ಅಕ್ಷರದ ವ್ಯತ್ಯಾಸ, ಉಳಿದೆಲ್ಲವೂ ಯಥಾಪ್ರಕಾರ. ಹಣ ಒಮ್ಮೆ ಹೊರದೇಶದ ಆ ಖಾತೆ ಸೇರಿದರೆ ಮರಳಿ ಪಡೆಯುವುದು ಬಹಳ ಕಷ್ಟ.

ಇದಕ್ಕೆ ಪರಿಹಾರ ಸರಳ. ಖಾತೆ ಬದಲಾವಣೆಯ ಸೂಚನೆ ಬಂದಾಗ, ವ್ಯವಹಾರದ ಆರಂಭದಲ್ಲೇ ಬರೆದಿಟ್ಟುಕೊಂಡ ಸಂಖ್ಯೆಗೆ ತಾನೇ ಕರೆ ಮಾಡಿ ಖಾತ್ರಿಪಡಿಸಿಕೊಳ್ಳಬೇಕು. ಆ ಇ-ಮೇಲಿನಲ್ಲಿ ಕೊಟ್ಟಿರುವ ಸಂಖ್ಯೆಗೆ ಕರೆಯಬಾರದು. ಅಲ್ಲಿ ಉತ್ತರಿಸುವವನು ವಂಚಕನೇ ಆಗಿರುತ್ತಾನೆ. ಒಳಬರುವ ಕರೆಯನ್ನೂ ನಂಬಬಾರದು. ಪರದೆಯ ಮೇಲೆ ಕಾಣುವ ಸಂಖ್ಯೆಯನ್ನು ನಕಲಿಯಾಗಿ ತೋರಿಸಬಹುದು. ಪರಿಚಿತರ ಧ್ವನಿಯನ್ನೂ ಯಂತ್ರದಿಂದ ಅನುಕರಿಸುವ ಕಾಲ ಬಂದಿದೆ. ಮೋಸವಾದದ್ದು ತಿಳಿದ ಕೂಡಲೇ ಬ್ಯಾಂಕಿಗೂ, ಸೈಬರ್ ಅಪರಾಧ ಸಹಾಯವಾಣಿ 1930ಕ್ಕೂ ತಿಳಿಸಬೇಕು. ವಿಳಂಬವಾದಷ್ಟೂ ಹಣ ದೂರವಾಗುತ್ತದೆ.

ಇದೇ ಅಪಾಯ ರಫ್ತು ಮಾಡುವವರಿಗೂ ಇದೆ. ಇಲ್ಲಿನ ವರ್ತಕರ ಹೆಸರಿನಲ್ಲಿ ಖೋಟಾ ಇ-ಮೇಲ್ ವಿದೇಶದ ಗ್ರಾಹಕನಿಗೆ ಹೋಗಬಹುದು. ಸರಕು ಇಲ್ಲಿಂದ ಹೋಗಿರುತ್ತದೆ, ಹಣ ಬೇರೆಯವರಿಗೆ ಸೇರಿರುತ್ತದೆ. ಆದ್ದರಿಂದ ‘ಖಾತೆ ಬದಲಾದರೆ ಕೇವಲ ಇ-ಮೇಲ್ ನಂಬಬೇಡಿ, ಈ ಸಂಖ್ಯೆಗೆ ಕರೆ ಮಾಡಿ ಕೇಳಿ’ ಎಂದು ಮೊದಲ ಪತ್ರದಲ್ಲೇ ಗ್ರಾಹಕನಿಗೆ ತಿಳಿಸಬೇಕು. ಆ ಗ್ರಾಹಕ ಸಂಶಯ ಬಂದು ಕರೆ ಮಾಡಿದ ದಿನ, ಮುದ್ರಿತ ಸಂಖ್ಯೆಯಲ್ಲಿ ಒಂದು ಹೆಚ್ಚಿನ ಸೊನ್ನೆ ಇದ್ದರೆ ಅಥವಾ ಊರಿನ ಸಂಕೇತವೇ ಇಲ್ಲದಿದ್ದರೆ, ಕರೆ ತಲುಪುವುದಿಲ್ಲ. ಹಣ ಖೋಟಾ ಖಾತೆಗೆ ಹೋಗುತ್ತದೆ.

ನೆನಪಿಡಬೇಕಾದ ಅಂಶಗಳು

1. ಎಲ್ಲ ಮುದ್ರಿತ ಪತ್ರಗಳಲ್ಲೂ ಸಂಖ್ಯೆಯನ್ನು +91ರಿಂದ ಆರಂಭಿಸಿ, ಸೊನ್ನೆಯಿಲ್ಲದೆ, ಹನ್ನೆರಡು ಅಂಕಿಗಳಲ್ಲಿ ಬರೆಯಿರಿ.
2. ಹೊಸ ಲೆಟರ್‌ಹೆಡ್ ಮುದ್ರಿಸುವ ಮುನ್ನ ವಿದೇಶದಲ್ಲಿರುವ ಪರಿಚಿತರಿಂದ ಆ ಸಂಖ್ಯೆಗೆ ಒಮ್ಮೆ ಕರೆ ಮಾಡಿಸಿ ಪರೀಕ್ಷಿಸಿ.
3. ಪ್ರತಿ ವಿದೇಶೀ ಗ್ರಾಹಕನ ಸಂಖ್ಯೆ, ವೇಳೆಯ ವ್ಯತ್ಯಾಸ ಮತ್ತು ವಾರದ ರಜೆಯನ್ನು ಪ್ರತ್ಯೇಕ ವಹಿಯಲ್ಲಿ ಬರೆದಿಡಿ.
4. ಮಾತಿನಲ್ಲಿ ಒಪ್ಪಿದ್ದನ್ನು ಅಂದೇ ಬರಹಕ್ಕೆ ಇಳಿಸಿ.
5. ಖಾತೆ ಬದಲಾವಣೆಯ ಸೂಚನೆ ಬಂದರೆ ವಹಿಯಲ್ಲಿರುವ ಹಳೆಯ ಸಂಖ್ಯೆಗೆ ಕರೆ ಮಾಡದೆ ಒಂದು ರೂಪಾಯಿಯನ್ನೂ ಕಳಿಸಬೇಡಿ.