ಮೋಟಾರಿಗೆ ದುಡ್ಡು ಕಟ್ಟುವ ಮುನ್ನ

ಅಮೆರಿಕದಲ್ಲಿ ಆರ್‌ವಿ ಎಂಬ ಮನೆಗಾಡಿ ಕೊಂಡ ಕನ್ನಡಿಗ ಗೆಳೆಯರು ಡೀಸೆಲ್ಲಿನ ಲೆಕ್ಕ ಇಡುತ್ತಾರೆ, ಕ್ಯಾಂಪ್‌ಗ್ರೌಂಡ್ ಬಾಡಿಗೆಯ ಲೆಕ್ಕ ಇಡುತ್ತಾರೆ. ಸ್ಲೈಡ್‌ಔಟ್ ರಿಪೇರಿಗೆಂದು ಏನೂ ತೆಗೆದಿಡುವುದಿಲ್ಲ. ಗುಂಡಿ ಒತ್ತಿದರೆ ಗಾಡಿಯ ಪಕ್ಕದ ಗೋಡೆ ಸೋಫಾ, ಊಟದ ಮೇಜಿನ ಸಮೇತ ಹೊರಗೆ ಚಾಚಿ ಕೋಣೆ ಅಗಲವಾಗುತ್ತದಲ್ಲ, ಅದೇ ಸ್ಲೈಡ್‌ಔಟ್. ಅದು ಒಳಗೆ ಬಾರದೆ ನಿಂತರೆ ಗಾಡಿ ಕದಲಿಸುವ ಹಾಗಿಲ್ಲ. ಜಾಗ ಖಾಲಿ ಮಾಡಬೇಕಾದ ಬೆಳಿಗ್ಗೆಯೇ ಹಾಗಾದರೆ, ಯಾರು ಎಷ್ಟು ಕೇಳಿದರೂ ಕೊಟ್ಟುಬಿಡೋಣ ಅನ್ನಿಸುತ್ತದೆ.

ಮಿಷಿಗನ್ನಿನಲ್ಲಿ ನಮ್ಮ ಕೋಣೆ ಅರ್ಧ ಒಳಬಂದು, ಗುರುಗುಟ್ಟಿ ನಿಂತಿತು. ಇದ್ದಲ್ಲಿಗೇ ಬರುವ ಮೆಕ್ಯಾನಿಕ್ ಒಬ್ಬರು ಗಾಡಿ ನೋಡದೆ, ಫೋನಿನಲ್ಲೇ ಮೋಟಾರ್ ಬದಲಿಸಬೇಕು ಎಂದರು. ಬರುವ ಶುಲ್ಕ, ಗಂಟೆಯ ಕೂಲಿ, ಮೋಟಾರಿನ ಬೆಲೆ ಸೇರಿದರೆ ಸಾವಿರ ಡಾಲರ್ ದಾಟುತ್ತಿತ್ತು. ನಾನು ಒಪ್ಪಲಿಲ್ಲ. ಅಳೆಯದೆ ಹೇಳಿದ ರೋಗಕ್ಕೆ ಔಷಧಿಯ ದುಡ್ಡು ಕೊಡುವುದು ನನ್ನಿಂದಾಗದು.

ವಿದ್ಯುತ್ತಿನಿಂದ ಸರಿಯುವ ಸ್ಲೈಡ್‌ಔಟುಗಳು ಸಾಮಾನ್ಯವಾಗಿ 12 ವೋಲ್ಟಿನವು. ಪೂರ್ತಿ ಚಾರ್ಜ್ ಆದ ಲೆಡ್-ಆಸಿಡ್ ಬ್ಯಾಟರಿ ಸುಮ್ಮನಿದ್ದಾಗ ಸುಮಾರು 12.6 ತೋರಿಸುತ್ತದೆ. ಅಷ್ಟು ನೋಡಿ ಬ್ಯಾಟರಿ ಸರಿಯಿದೆ ಎಂದುಕೊಂಡರೆ ಸಾಲದು. ಒಬ್ಬರು ಗುಂಡಿ ಒತ್ತಿ ಹಿಡಿದಿರುವಾಗಲೇ ಇನ್ನೊಬ್ಬರು ಮಲ್ಟಿಮೀಟರಿನಿಂದ ಮೊದಲು ಬ್ಯಾಟರಿಯ ಟರ್ಮಿನಲ್ಲಿನಲ್ಲಿ, ಆಮೇಲೆ ಮೋಟಾರಿಗೆ ಹೋಗುವ ವೈರಿನಲ್ಲಿ ಅಳೆಯಬೇಕು. ಬ್ಯಾಟರಿಯಲ್ಲೇ ಹತ್ತರ ಆಸುಪಾಸಿಗೆ ಕುಸಿದರೆ ಬ್ಯಾಟರಿ ವೀಕು. ಅಲ್ಲಿ 12 ನಿಂತು ಮೋಟಾರಿನ ಹತ್ತಿರ 9 ಬಂದರೆ, ನಡುವೆ ಎಲ್ಲೋ ತುಕ್ಕು ಅಥವಾ ಸಡಿಲ ಜೋಡಣೆ. ಎರಡೂ ಕಡೆ ಸರಿಯಿದ್ದೂ ತಿರುಗದಿದ್ದಾಗ ಮೋಟಾರ್, ಗೇರುಗಳ ಸರದಿ. ನನ್ನ ಹೆಂಡತಿ ಗುಂಡಿ ಹಿಡಿದಳು, ನಾನು ಅಳೆದೆ. ಚಾಸಿಗೆ ಬಿಗಿದ ಅರ್ತ್ ವೈರಿನ ಬೋಲ್ಟಿನಡಿ ತುಕ್ಕು ಕಟ್ಟಿತ್ತು. ವೈರ್ ಬ್ರಷ್‌ನಿಂದ ಉಜ್ಜಿ ಬಿಗಿದೆವು, ಕೋಣೆ ಒಳಬಂತು. ಮಲ್ಟಿಮೀಟರಿಗೆ ಇಪ್ಪತ್ತು ಮೂವತ್ತು ಡಾಲರ್ ಸಾಕು.

ಸದ್ದೇ ಇಲ್ಲದಿದ್ದರೆ ಫ್ಯೂಸ್, ಬ್ರೇಕರ್ ನೋಡಿ. ಅನೇಕ ಮೋಟರ್‌ಹೋಮುಗಳಲ್ಲಿ ಹ್ಯಾಂಡ್‌ಬ್ರೇಕ್ ಹಾಕದೆ ಕೋಣೆ ಕದಲುವುದೇ ಇಲ್ಲ.

ಕೋಣೆ ಓರೆಯಾಗಿ, ಒಂದೇ ಬದಿ ಸರಿದರೆ ತಕ್ಷಣ ಗುಂಡಿ ಬಿಡಿ. ಶ್ವಿಂಟೆಕ್ ಎಂಬ ಸ್ಲೈಡ್‌ಔಟ್ ಮಾದರಿಯಲ್ಲಿ ಎರಡು ಬದಿಗೂ ಬೇರೆ ಬೇರೆ ಮೋಟಾರ್. ತಾಳ ತಪ್ಪಿದಾಗ ಬಲವಂತ ಮಾಡಿದರೆ ಸಣ್ಣ ಬಿಲ್ಲು ದೊಡ್ಡದಾಗುತ್ತದೆ. ಅದರ ಕಂಟ್ರೋಲರಿನ ದೀಪ ಮಿನುಗಿ ದೋಷದ ಸಂಖ್ಯೆ ತಿಳಿಸುತ್ತದೆ. ಅದನ್ನು ವಿಡಿಯೋ ಮಾಡಿ ಮೆಕ್ಯಾನಿಕ್‌ಗೆ ಕಳಿಸಿ. ಬೇಕಾದ ಭಾಗವನ್ನು ಜೊತೆಗೇ ತಂದರೆ ಎರಡನೇ ಸಲ ಬರುವ ಶುಲ್ಕ ಉಳಿಯುತ್ತದೆ.

ನಾನು ಕೈಬಿಚ್ಚಿ ಖರ್ಚು ಮಾಡುವುದು ರಬ್ಬರ್ ಸೀಲುಗಳಿಗೆ. ಸೀಲು ಒಣಗಿ ಬಿರಿದರೆ ನೀರು ಒಳನುಗ್ಗಿ ಸ್ಲೈಡ್‌ಔಟಿನ ಮರದ ತಳ ಕೊಳೆಯುತ್ತದೆ. ಮೋಟಾರ್ ಬದಲಿಸುವುದಕ್ಕಿಂತ ಆ ರಿಪೇರಿ ಎಷ್ಟೋ ದುಬಾರಿ. ವಿಸ್ತರಿತ ವಾರಂಟಿ ಕೊಳ್ಳುವವರು ನೀರಿನ ಹಾನಿಯನ್ನು ಅದರಿಂದ ಹೊರಗಿಟ್ಟಿದ್ದಾರೆಯೇ ಎಂದು ಸಹಿಗೆ ಮುನ್ನ ಓದಬೇಕು. ಹಳೆಯ ಗಾಡಿ ಕೊಳ್ಳುವವರು ಹೊರಗಿನ ಕರೆಂಟ್ ತೆಗೆಸಿ, ಬರೀ ಬ್ಯಾಟರಿಯ ಮೇಲೆ ಕೋಣೆಯನ್ನು ಪೂರ್ತಿ ಹೊರಗೆ ಒಳಗೆ ಆಡಿಸಿ ನೋಡಲಿ. ಆಮೇಲೆ ಮೂಲೆಗಳಲ್ಲಿ ನೆಲವನ್ನು ಕಾಲಿನಿಂದ ಒತ್ತಲಿ. ಮೆತ್ತಗೆ ತಗ್ಗಿದರೆ, ಮಾರುವವರು ಬೆಲೆ ಎಷ್ಟೇ ಇಳಿಸಿದರೂ ಆ ಗಾಡಿ ಬೇಡ.