ಹೆದ್ದಾರಿ ಕಾಮಗಾರಿಯಲ್ಲಿ ಸುರಕ್ಷತೆಯ ಲೆಕ್ಕ

ಹೆದ್ದಾರಿಯನ್ನು ಅಗಲಗೊಳಿಸುವಾಗಲೋ ಸೇತುವೆಯನ್ನು ದುರಸ್ತಿ ಮಾಡುವಾಗಲೋ ವಾಹನಸಂಚಾರವನ್ನು ಪೂರ್ತಿಯಾಗಿ ನಿಲ್ಲಿಸುವುದು ಬಹುಮಟ್ಟಿಗೆ ಸಾಧ್ಯವಾಗುವುದಿಲ್ಲ. ಒಂದು ಪಕ್ಕದಲ್ಲಿ ಕೆಲಸಗಾರರು ಡಾಂಬರು ಹಾಕುತ್ತಿರುತ್ತಾರೆ. ಅವರಿಂದ ನಾಲ್ಕಾರು ಅಡಿ ದೂರದಲ್ಲಿಯೇ ಬಸ್ಸು ಲಾರಿಗಳು ಓಡುತ್ತಿರುತ್ತವೆ. ಇವೆರಡರ ನಡುವಣ ರಕ್ಷಣೆ ಯಾವುದು, ಅದಕ್ಕೆ ತಗಲುವ ಹಣವೆಷ್ಟು ಎಂಬ ಪ್ರಶ್ನೆಗಳು ಎಂಜಿನಿಯರುಗಳಿಗೆ ಮಾತ್ರ ಸೇರಿದವೆಂದು ತೋರಬಹುದು. ಆದರೆ ಆ ದಾರಿಯಲ್ಲಿ ಸಾಗುವವರು ನಾವೇ ಆದುದರಿಂದ, ಅವುಗಳ ಉತ್ತರವನ್ನು ನಾವೂ ತಿಳಿದಿರುವುದು ಒಳ್ಳೆಯದು.

ಮೊದಲು ವೇಗದ ವಿಚಾರವನ್ನು ನೋಡೋಣ. ಗಂಟೆಗೆ 80 ಕಿಲೋಮೀಟರು ವೇಗದ ವಾಹನವು ಸೆಕೆಂಡಿಗೆ ಸುಮಾರು 22 ಮೀಟರು ಸಾಗುತ್ತದೆ. ಎದುರಿನ ಅಡಚಣೆಯನ್ನು ಕಂಡು, ಗ್ರಹಿಸಿ, ಬ್ರೇಕನ್ನು ಒತ್ತಲು ಚಾಲಕನಿಗೆ ಎರಡೂವರೆ ಸೆಕೆಂಡು ಬೇಕೆಂದು ರಸ್ತೆಯ ವಿನ್ಯಾಸದಲ್ಲಿ ಗಣಿಸುವುದು ವಾಡಿಕೆ. ಅಷ್ಟರಲ್ಲಿ ವಾಹನ 55 ಮೀಟರು ಮುಂದೆ ಹೋಗಿರುತ್ತದೆ. ಬ್ರೇಕು ಹಿಡಿದ ಮೇಲೆಯೂ ಅದು ನಿಲ್ಲಲು ಇನ್ನು ಸುಮಾರು 70 ಮೀಟರು ಬೇಕು. ವೇಗ ಎರಡರಷ್ಟಾದರೆ ಈ ಎರಡನೆಯ ದೂರ ನಾಲ್ಕರಷ್ಟಾಗುತ್ತದೆ. ಗುಂಡಿಯ ಅಂಚಿನಲ್ಲಿಯೇ ನೆಟ್ಟ ಎಚ್ಚರಿಕೆಯ ಹಲಗೆ ಏಕೆ ನಿರುಪಯೋಗಿಯೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಆದುದರಿಂದಲೇ 1934ರಲ್ಲಿ ಸ್ಥಾಪಿತವಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸಂಸ್ಥೆಯ ಮಾರ್ಗಸೂಚಿಯು ಕಾಮಗಾರಿಯ ಪ್ರದೇಶವನ್ನು ನಾಲ್ಕು ಭಾಗಗಳಾಗಿ ವಿಂಗಡಿಸುತ್ತದೆ: ಮುನ್ಸೂಚನೆ ಕೊಡುವ ಭಾಗ, ವಾಹನಗಳನ್ನು ಪಕ್ಕಕ್ಕೆ ಸರಿಸುವ ಭಾಗ, ಕೆಲಸ ನಡೆಯುವ ಭಾಗ, ವಾಹನಗಳನ್ನು ಮರಳಿ ತಮ್ಮ ದಾರಿಗೆ ತರುವ ಭಾಗ.

ಇವುಗಳಲ್ಲಿ ಎರಡನೆಯದನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅಲ್ಲಿ ಕಿತ್ತಳೆ ಬಣ್ಣದ ಶಂಕುಗಳನ್ನು ಓರೆಯಾಗಿ ಸಾಲಿಡುತ್ತಾರೆ. ಅಮೆರಿಕದಲ್ಲಿ ಹೆಚ್ಚಿನ ವೇಗದ ರಸ್ತೆಗಳಿಗೆ ಬಳಸುವ ಸೂತ್ರ ಬಹಳ ಸರಳವಾದುದು: ಮುಚ್ಚಬೇಕಾದ ಪಥದ ಅಗಲವನ್ನು ಅಡಿಗಳಲ್ಲಿಯೂ ವೇಗವನ್ನು ಗಂಟೆಗೆ ಮೈಲಿಗಳಲ್ಲಿಯೂ ಬರೆದು ಗುಣಿಸಿದರೆ, ಓರೆಸಾಲಿನ ಉದ್ದ ಅಡಿಗಳಲ್ಲಿ ದೊರೆಯುತ್ತದೆ. ಪಥ 12 ಅಡಿ, ವೇಗ 50 ಮೈಲಿ, ಅಂದರೆ 80 ಕಿಲೋಮೀಟರು ಎಂದಿಟ್ಟುಕೊಂಡರೆ ಉದ್ದ 600 ಅಡಿ. ಶಂಕುಗಳ ನಡುವಣ ಅಂತರ ಹೆಚ್ಚೆಂದರೆ 50 ಅಡಿ ಇರಬಹುದು. ಹೀಗೆ 13 ಶಂಕುಗಳು ಬೇಕಾಗುತ್ತವೆ. ವೇಗದಿಂದ ಉದ್ದ, ಉದ್ದದಿಂದ ಸಂಖ್ಯೆ, ಸಂಖ್ಯೆಯಿಂದ ಹಣ. ಸುರಕ್ಷತೆಯ ಆಯವ್ಯಯದ ಕ್ರಮ ಇದು. ಹಣ ಸಾಲದೆಂದು ಆರೇ ಶಂಕುಗಳನ್ನಿಟ್ಟರೆ ಖರ್ಚು ಕಡಿಮೆಯಾದೀತು; ಆದರೆ ವಾಹನಕ್ಕೆ ಬೇಕಾದ ದೂರ ಒಂದು ಅಡಿಯೂ ಕಡಿಮೆಯಾಗುವುದಿಲ್ಲ.

ವಸ್ತುಗಳನ್ನು ಕೊಂಡ ಮಾತ್ರಕ್ಕೆ ಲೆಕ್ಕ ಮುಗಿಯುವುದಿಲ್ಲ. ಶಂಕುಗಳು ಲಾರಿಗೆ ಸಿಕ್ಕಿ ಮುರಿಯುತ್ತವೆ. ದೀಪದ ಬೆಳಕನ್ನು ಹಿಂದಿರುಗಿಸುವ ಫಲಕಗಳು ಧೂಳು ಮುಸುಕಿದರೆ ರಾತ್ರಿಯಲ್ಲಿ ಕಾಣುವುದಿಲ್ಲ. ಬಾವುಟ ಹಿಡಿದು ನಿಲ್ಲುವವರು ಎರಡು ತುದಿಗಳಿಗೆ ಇಬ್ಬರು, ದಿನಕ್ಕೆ ಮೂರು ಪಾಳಿ ಎಂದರೆ ಆರು ಮಂದಿ. ಕೆಲಸ 270 ದಿನ ನಡೆದರೆ 1,620 ಆಳುದಿನಗಳ ಕೂಲಿ. ಬದಲಿ ವಸ್ತು, ತೊಳೆಯುವಿಕೆ, ರಾತ್ರಿಯ ತಪಾಸಣೆ, ಕೂಲಿ ಇವೆಲ್ಲವೂ ಅಂದಾಜುಪಟ್ಟಿಯಲ್ಲಿ ಬರಬೇಕು.

ಇದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಗಳಿವೆ. ಸಂಚಾರವನ್ನೇ ಬೇರೆ ದಾರಿಗೆ ತಿರುಗಿಸಬಹುದೆ? ಆಗದಿದ್ದರೆ ನಡುವೆ ಕಾಂಕ್ರೀಟಿನ ತಡೆಗೋಡೆಯನ್ನು ಇಡಬಹುದೆ? ಎಚ್ಚರಿಕೆಯ ಫಲಕ ಚಾಲಕನ ಗಮನವನ್ನು ನಂಬಿಕೊಂಡಿರುತ್ತದೆ. ತಡೆಗೋಡೆಯಾದರೋ ಚಾಲಕ ತೂಕಡಿಸಿದಾಗಲೂ ಕೆಲಸ ಮಾಡುತ್ತದೆ. ಮೊದಲು ಅಪಾಯವನ್ನು ದೂರಮಾಡುವುದು, ಅನಂತರ ಅದನ್ನು ಬೇರ್ಪಡಿಸುವುದು, ಕೊನೆಗೆ ಎಚ್ಚರಿಸುವುದು. ಯೋಜನೆ ಈ ಕ್ರಮದಲ್ಲಿ ಸಾಗಬೇಕು.

ಇನ್ನು ಟೆಂಡರಿನ ವಿಷಯ. ಸುರಕ್ಷತೆಯ ವೆಚ್ಚವು ಡಾಂಬರು ಜಲ್ಲಿಗಳ ದರದಲ್ಲಿಯೇ ಅಡಗಿದೆಯೆಂದು ಬರೆದುಬಿಟ್ಟರೆ ಏನಾಗುತ್ತದೆ? ಅದನ್ನು ಪ್ರಾಮಾಣಿಕವಾಗಿ ಲೆಕ್ಕಹಿಡಿದ ಗುತ್ತಿಗೆದಾರನ ದರ ಹೆಚ್ಚಾಗಿ ಕಾಣುತ್ತದೆ. ಹಿಡಿಯದವನಿಗೆ ಕೆಲಸ ದೊರೆಯುತ್ತದೆ. ಶಂಕುಗಳನ್ನು ಇಟ್ಟರೂ ಇಡದಿದ್ದರೂ ಅವನಿಗೆ ಸಿಗುವ ಹಣ ಒಂದೇ. ಈ ದೋಷವನ್ನು ನಿವಾರಿಸಲು ಅಮೆರಿಕದ ಕೇಂದ್ರ ಹೆದ್ದಾರಿ ಆಡಳಿತವು 2007ರಲ್ಲಿ ಒಂದು ನಿಯಮವನ್ನು ಪ್ರಕಟಿಸಿ, 2008ರ ಡಿಸೆಂಬರಿನಿಂದ ಜಾರಿಗೆ ತಂದಿತು. ಅದರಂತೆ, ಕೇಂದ್ರದ ನೆರವು ಪಡೆಯುವ ಕಾಮಗಾರಿಗಳಲ್ಲಿ ಸುರಕ್ಷತೆಯ ವೆಚ್ಚವನ್ನು ಬೇರೆ ಕೆಲಸಗಳ ದರದಲ್ಲಿ ಸೇರಿಸುವಂತಿಲ್ಲ; ಮುಖ್ಯ ಸಾಧನಗಳಿಗೆ ಪ್ರತ್ಯೇಕ ಬಾಬುಗಳಿರಬೇಕು. ಬಾಬು ಪ್ರತ್ಯೇಕವಾದರೆ ಅದನ್ನು ಅಳೆಯಬಹುದು, ಅಳೆದು ಹಣ ಕೊಡಬಹುದು, ಇಲ್ಲದಿದ್ದರೆ ತಡೆಹಿಡಿಯಬಹುದು.

ರಸ್ತೆಗೆ ಎಷ್ಟು ಜಲ್ಲಿ ಬೇಕೆಂಬುದನ್ನು ಘನಮೀಟರಿನ ಲೆಕ್ಕದಲ್ಲಿ ಮೊದಲೇ ನಿರ್ಧರಿಸುತ್ತೇವೆ. ಜಲ್ಲಿ ಹರಡುವವನ ಪ್ರಾಣರಕ್ಷಣೆಗೆ ಏನೇನು ಬೇಕೆಂಬುದನ್ನೂ ಅದೇ ಪಟ್ಟಿಯಲ್ಲಿ, ಅಷ್ಟೇ ನಿಖರವಾಗಿ ಬರೆಯುವುದು ನ್ಯಾಯ.