ಒಡೆದ ಮನೆಯ ಮಣ್ಣಲ್ಲಿ ಸೀಸ ಎಷ್ಟು?

ವಿಜಯಪುರದಲ್ಲಿ ಹಳೇ ಮನೆ ಒಡೆದು ಹೊಸದು ಕಟ್ಟೋದು ಈಗ ಓಣಿ ಓಣಿಯಲ್ಲೂ ನಡೀತಿದೆ. ತೊಲೆ, ಜಂತಿ, ಬಾಗಿಲು, ಕಬ್ಬಿಣ ಎಲ್ಲ ಮಾರಾಟವಾಗುತ್ತೆ. ಉಳಿದ ಇಟ್ಟಿಗೆ, ಗಚ್ಚು, ಪ್ಲಾಸ್ಟರ್, ಕಾಂಕ್ರೀಟ್ ಚೂರು ಟ್ರ್ಯಾಕ್ಟರ್ ಹತ್ತಿ ತಗ್ಗಾದ ಖಾಲಿ ಸೈಟಿಗೋ, ಹಳ್ಳದ ದಂಡೆಗೋ, ತಿಕೋಟಾ, ಬಬಲೇಶ್ವರ ಕಡೆಯ ಹೊಲದ ದಾರಿಗೋ ಹೋಗುತ್ತೆ. ಎರೆ ಭೂಮಿಯಲ್ಲಿ ಮಳೆ ಬಂದ್ರೆ ಗಾಡಿ ಹೂತುಕೊಳ್ಳುತ್ತೆ, ಹಾಗಾಗಿ ಗರಸು ಸಿಗದಿದ್ರೆ ಇದೇ ಗರಸು. ‘ಮಣ್ಣು ಮಣ್ಣಿಗೆ ಸೇರತೈತಿ, ಅದರಾಗ ಏನೈತ್ರಿ?’ ಅನ್ನೋದು ಸಾಮಾನ್ಯ ಉತ್ತರ. ಬಹಳ ಸಲ ಆ ಉತ್ತರ ಸರಿಯೇ. ಅದು ಯಾವಾಗ ಸರಿಯಲ್ಲ, ಅದನ್ನ ಲ್ಯಾಬಲ್ಲಿ ಹೇಗೆ ಗೊತ್ತುಮಾಡ್ತಾರೆ ಅಂತ ಇಲ್ಲಿ ನೋಡೋಣ.

ಮೊದಲು ಲೋಹ ಎಲ್ಲಿಂದ ಬರುತ್ತೆ? ನಮ್ಮ ಕಡೆಯ ಕರಿಕಲ್ಲಲ್ಲಿ, ಅಂದ್ರೆ ಬಸಾಲ್ಟಲ್ಲಿ, ಕ್ರೋಮಿಯಂ ಸಹಜವಾಗಿಯೇ ಸ್ವಲ್ಪ ಇರುತ್ತೆ. ಆದ್ರೆ ಅದು ಖನಿಜದ ಒಳಗೆ ಬಂಧಿಯಾಗಿರುತ್ತೆ, ಮಳೆನೀರಿಗೆ ಬಿಡೋದಿಲ್ಲ. ಸಿಮೆಂಟಲ್ಲಿ ನೀರಲ್ಲಿ ಕರಗೋ ಷಡ್ವೇಲೆನ್ಸಿ ಕ್ರೋಮಿಯಂ ಸ್ವಲ್ಪ ಇರಬಹುದು. ಹಳೇ ಟ್ಯೂಬ್‌ಲೈಟ್ ಒಡೆದ್ರೆ ಪಾದರಸ. ಇವೆಲ್ಲಕ್ಕಿಂತ ಮನೆ ಅವಶೇಷದಲ್ಲಿ ಹೆಚ್ಚು ಚಿಂತೆ ಮಾಡಬೇಕಾದ್ದು ಬಣ್ಣದ ಸೀಸ. ಕಿಟಕಿ ಸರಳಿಗೆ ಹಚ್ಚೋ ಕೆಂಪು ಪ್ರೈಮರ್, ಹಳದಿ ಹಸಿರು ಎನಾಮೆಲ್ ಬಣ್ಣ, ಇವುಗಳಲ್ಲಿ ಸೀಸದ ಸಂಯುಕ್ತಗಳನ್ನ ಬಹಳ ವರ್ಷ ಬಳಸಿದ್ರು. ಭಾರತದಲ್ಲಿ ಮನೆ ಬಣ್ಣದ ಸೀಸಕ್ಕೆ 90 ಪಿಪಿಎಂ ಮಿತಿ ಹಾಕಿದ ನಿಯಮ ಬಂದಿದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್ 1ರಿಂದ. ಈಗ ಒಡೀತಿರೋ ಮನೆಗಳು ಅದಕ್ಕಿಂತ ಎಷ್ಟು ಹಳೇವು ಅಂತ ನೀವೇ ಲೆಕ್ಕ ಹಾಕಿ.

ಲ್ಯಾಬಲ್ಲಿ ಕೇಳೋ ಪ್ರಶ್ನೆ ಎರಡು. ಒಟ್ಟು ಎಷ್ಟು ಸೀಸ ಇದೆ? ಅದರಲ್ಲಿ ನೀರಿಗೆ ಎಷ್ಟು ಬಿಡುತ್ತೆ? ಒಟ್ಟು ಪ್ರಮಾಣ ತಿಳಿಯೋಕೆ ಸುಮಾರು 1 ಗ್ರಾಂ ಪುಡಿಯನ್ನ ನೈಟ್ರಿಕ್ ಆಮ್ಲ, ಹೈಡ್ರೋಜನ್ ಪೆರಾಕ್ಸೈಡ್ ಜೊತೆ ಬಿಸಿ ಮಾಡಿ ಕರಗಿಸ್ತಾರೆ. ಎರಡನೇದಕ್ಕೆ ಇರೋದು ಟಿಸಿಎಲ್‌ಪಿ, ಅಮೆರಿಕದ ಪರಿಸರ ಸಂಸ್ಥೆಯ 1311ನೇ ವಿಧಾನ. ನಮ್ಮ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳೂ ಇದನ್ನೇ ಆಧಾರ ಮಾಡಿಕೊಂಡಿವೆ.

ವಿಧಾನ ಹೀಗಿದೆ. ಮಾದರಿಯನ್ನ 9.5 ಮಿ.ಮೀ.ಗಿಂತ ಸಣ್ಣ ಮಾಡಬೇಕು (ನಮ್ಮ ಅಗ್ರಿಗೇಟ್ ಲ್ಯಾಬಿನ 10 ಮಿ.ಮೀ. ಜರಡಿ ಹತ್ತಿರ ಬರುತ್ತೆ, ಆದ್ರೆ ಅದೇ ಅಲ್ಲ). 100 ಗ್ರಾಂ ಮಾದರಿಗೆ ಅದರ 20 ಪಟ್ಟು, ಅಂದ್ರೆ 2 ಕೆ.ಜಿ. ಅಸಿಟಿಕ್ ಆಮ್ಲದ ದ್ರಾವಣ. ಬಾಟಲಿ ಮುಚ್ಚಿ ನಿಮಿಷಕ್ಕೆ 30 ಸುತ್ತಿನಂತೆ 18 ಗಂಟೆ ತಲೆಕೆಳಗಾಗಿ ತಿರುಗಿಸಬೇಕು. ಆಮೇಲೆ ಸೋಸಿ, ನೈಟ್ರಿಕ್ ಆಮ್ಲ ಹಾಕಿ ಪಿಎಚ್ 2ರ ಕೆಳಗೆ ತಂದು ಅಳೀಬೇಕು. ಆಮ್ಲ ಹಾಕದಿದ್ರೆ ಸೀಸ ಬಾಟಲಿಯ ಗೋಡೆಗೇ ಅಂಟಿ ಕೂರಬಹುದು, ರಿಪೋರ್ಟಲ್ಲಿ ಕಮ್ಮಿ ಕಾಣುತ್ತೆ.

ಯಾವ ದ್ರಾವಣ ಅಂತ ಆರಿಸೋಕೆ ಮೊದಲು ಒಂದು ಸಣ್ಣ ಪರೀಕ್ಷೆ ಇದೆ. 5 ಗ್ರಾಂ ಪುಡಿಯನ್ನ 96.5 ಮಿ.ಲೀ. ನೀರಲ್ಲಿ 5 ನಿಮಿಷ ಕಲಕಿ ಪಿಎಚ್ ನೋಡಿ. 5ಕ್ಕಿಂತ ಕಮ್ಮಿ ಇದ್ರೆ ಮೊದಲ ದ್ರಾವಣ, ಅದರ ಪಿಎಚ್ 4.93. ಹೆಚ್ಚಿದ್ರೆ 3.5 ಮಿ.ಲೀ. ಒಂದು ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ, 50 ಡಿಗ್ರಿಯಲ್ಲಿ 10 ನಿಮಿಷ ಬಿಸಿ ಮಾಡಿ, ಆರಿಸಿ ಮತ್ತೆ ನೋಡಿ. ಆಗಲೂ 5ರ ಮೇಲೇ ಇದ್ರೆ ಎರಡನೇ ದ್ರಾವಣ, ಪಿಎಚ್ 2.88. ಕಾಂಕ್ರೀಟ್ ತುಂಬಾ ಇರೋ ಮಾದರಿ ಸಾಮಾನ್ಯವಾಗಿ ಎರಡನೇದಕ್ಕೇ ಹೋಗುತ್ತೆ, ಯಾಕಂದ್ರೆ ಅದು ಆಮ್ಲವನ್ನ ಕುಡಿದುಬಿಡುತ್ತೆ.

ಸೀಸಕ್ಕೆ ಮಿತಿ ಲೀಟರಿಗೆ 5 ಮಿ.ಗ್ರಾಂ. ಕುಡಿಯೋ ನೀರಿನ ಐಎಸ್ 10500ರಲ್ಲಿ ಸೀಸದ ಮಿತಿ 0.01. ಅಂದ್ರೆ 500 ಪಟ್ಟು ವ್ಯತ್ಯಾಸ! ‘ಪಾಸ್’ ಅಂದ್ರೆ ಶುದ್ಧ ಅಂತಲ್ಲ, ಅಪಾಯಕಾರಿ ತ್ಯಾಜ್ಯದ ಪಟ್ಟಿಗೆ ಸೇರಲಿಲ್ಲ ಅಂತ ಅಷ್ಟೇ.

ಈಗ ಒಂದು ಲೆಕ್ಕ. 20 ಪಟ್ಟು ದ್ರಾವಣ ಹಾಕ್ತೀವಲ್ಲ, ಹಾಗಾಗಿ ಇರೋ ಸೀಸವೆಲ್ಲ ಕರಗಿದ್ರೂ ದ್ರಾವಣದಲ್ಲಿ ಬರೋದು ಒಟ್ಟು ಪ್ರಮಾಣದ ಇಪ್ಪತ್ತನೇ ಒಂದು ಭಾಗ. ಕೆ.ಜಿ.ಗೆ 100 ಮಿ.ಗ್ರಾಂಗಿಂತ ಕಮ್ಮಿ ಸೀಸ ಇದ್ರೆ ಟಿಸಿಎಲ್‌ಪಿ ಮಾಡೋದೇ ಬೇಡ, 5 ದಾಟೋಕೆ ಸಾಧ್ಯವೇ ಇಲ್ಲ. ಒಂದು ಕೆ.ಜಿ. ಅವಶೇಷದಲ್ಲಿ ಶೇ. 1 ಸೀಸ ಇರೋ ಬಣ್ಣದ ಹಕ್ಕಳೆ 10 ಗ್ರಾಂ ಇದೆ ಅಂತ ಇಟ್ಕೊಳ್ಳಿ. 10 ಗ್ರಾಂನಲ್ಲಿ 100 ಮಿ.ಗ್ರಾಂ ಸೀಸ, ಸರಿಯಾಗಿ ಗಡಿಯ ಮೇಲೆ. ಅದೇ ಬಣ್ಣದಲ್ಲಿ ಶೇ. 5 ಇದ್ರೆ 500 ಮಿ.ಗ್ರಾಂ, ದ್ರಾವಣದಲ್ಲಿ ಗರಿಷ್ಠ 25. ಒಂದು ಹಿಡಿ ಹಕ್ಕಳೆ ಇಡೀ ರಾಶಿಯ ಹಣೆಬರಹ ಬರೆಯುತ್ತೆ.

ಇದಕ್ಕೇ ನನ್ನ ಪ್ರಕಾರ ಇಡೀ ಕೆಲಸದಲ್ಲಿ ಕಷ್ಟದ ಭಾಗ ಮಷೀನ್ ಅಲ್ಲ, ಮಾದರಿ ತೆಗೆಯೋದು. ರಾಶಿಯ ಮೇಲಿಂದ ಕೈಗೆ ಸಿಕ್ಕ 100 ಗ್ರಾಂ ತಂದ್ರೆ ಅದರಲ್ಲಿ ಹಕ್ಕಳೆ ಒಂದೂ ಇಲ್ಲದೇ ಇರಬಹುದು, ಆಗ ಸೊನ್ನೆ ಬರುತ್ತೆ. ಮಾರ್ಕೆಟಲ್ಲಿ ಒಂದೇ ಚೀಲ ಬಿಚ್ಚಿ ಇಡೀ ಲಾರಿ ಜೋಳಕ್ಕೆ ರೇಟು ಕಟ್ಟಿದ್ರೆ ರೈತ ಒಪ್ತಾನಾ? ರಾಶಿಯ ಹಲವು ಕಡೆಯಿಂದ, ಒಳಗಿಂದ ಹೊರಗಿಂದ, ಸ್ವಲ್ಪ ಸ್ವಲ್ಪ ತೆಗೆದು ಕೂಡಿಸಬೇಕು. ಅದನ್ನ ಕಲಸಿ ಗುಡ್ಡೆ ಮಾಡಿ, ಚಪ್ಪಟೆ ಮಾಡಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಇಟ್ಕೊಂಡು ಉಳಿದದ್ದು ಬಿಡಬೇಕು. ಬೇಕಾದಷ್ಟಕ್ಕೆ ಬರೋವರೆಗೆ ಇದೇ. ಸೆಕೆಂಡ್ ಇಯರಲ್ಲಿ ಇದನ್ನ ಬರೀ ವೈವಾ ಉತ್ತರ ಅಂತ ಕಲೀತೀವಿ, ಕಾರಣ ಇಲ್ಲಿದೆ.

ಅಳೆಯೋದು ಎಎಎಸ್ ಉಪಕರಣದಲ್ಲಿ. ದ್ರಾವಣವನ್ನ ಗಾಳಿ–ಅಸಿಟಿಲೀನ್ ಜ್ವಾಲೆಗೆ ಸಿಂಪಡಿಸ್ತಾರೆ, ಸೀಸದ ದೀಪದ 283.3 ನ್ಯಾನೋಮೀಟರ್ ಬೆಳಕನ್ನ ಸೀಸದ ಪರಮಾಣುಗಳು ಎಷ್ಟು ಹೀರಿದವು ಅಂತ ನೋಡ್ತಾರೆ. ಬಿಯರ್–ಲ್ಯಾಂಬರ್ಟ್ ನಿಯಮ ಫಸ್ಟ್ ಇಯರ್ ಕೆಮಿಸ್ಟ್ರಿಯದ್ದೇ. ಒಂದು ತೊಡಕು: ನಮ್ಮ ಮಾದರಿಯಲ್ಲಿ ಕ್ಯಾಲ್ಸಿಯಂ ರಾಶಿ ರಾಶಿ ಇರುತ್ತೆ, ಅದು ಓದುವಿಕೆಯನ್ನ ಅಲುಗಾಡಿಸಬಹುದು. ಹಾಗಾಗಿ ಅದೇ ದ್ರಾವಣಕ್ಕೆ ಗೊತ್ತಿರೋ ಪ್ರಮಾಣದ ಸೀಸ ಸೇರಿಸಿ ಮತ್ತೆ ಓದಿ, ಹಾಕಿದ್ದು ವಾಪಸ್ ಕಾಣ್ತಾ ಅಂತ ಪರೀಕ್ಷಿಸ್ತಾರೆ. ಮಾದರಿಯಿಲ್ಲದ ಖಾಲಿ ದ್ರಾವಣವನ್ನೂ ಜೊತೆಗೆ ಓಡಿಸ್ತಾರೆ.

ಇನ್ನೊಂದು ಮಾತು. ಟಿಸಿಎಲ್‌ಪಿ ರೂಪಿಸಿದ್ದು ಊರ ಕಸದ ಜೊತೆ ಹೂಳೋ ತ್ಯಾಜ್ಯಕ್ಕೆ. ಕಸ ಕೊಳೆತು ಆಮ್ಲ ಆಗುತ್ತೆ, ಅದಕ್ಕೇ ಅಸಿಟಿಕ್ ಆಮ್ಲ. ನಮ್ಮ ಅವಶೇಷ ಬಿದ್ದಿರೋದು ಬಯಲಲ್ಲಿ, ಕ್ಷಾರೀಯ ಎರೆ ಮಣ್ಣಿನ ಮೇಲೆ. ಇಲ್ಲಿಗೆ ಬರೀ ನೀರಿನ ಪರೀಕ್ಷೆ, ಅಥವಾ ಮಳೆಯನ್ನ ಅನುಕರಿಸೋ 1312ನೇ ವಿಧಾನ ಹೆಚ್ಚು ಹೊಂದುತ್ತೆ. ಸೀಸ ತೀರಾ ಆಮ್ಲದಲ್ಲೂ ಕರಗುತ್ತೆ, ಹೊಸ ಕಾಂಕ್ರೀಟಿನಂಥ ತೀರಾ ಕ್ಷಾರದಲ್ಲೂ ಕರಗುತ್ತೆ, ನಡುವೆ ಕಮ್ಮಿ. ಕೊನೆಯ ಪಿಎಚ್ ಬರೆಯದ ರಿಪೋರ್ಟನ್ನ ನಾನಂತೂ ಪೂರ್ತಿ ನಂಬಲ್ಲ.

ಎರೆ ಮಣ್ಣಿನ ಜೇಡಿ ಸೀಸವನ್ನ ಗಟ್ಟಿಯಾಗಿ ಹಿಡಿದಿಡುತ್ತೆ, ಬೇಗ ಬಾವಿಗೆ ಇಳಿಸಲ್ಲ. ಹಿಡಿದಿಟ್ಟದ್ದು ಮೇಲ್ಮಣ್ಣಲ್ಲೇ ಉಳಿಯುತ್ತೆ, ಅಂದ್ರೆ ನಮ್ಮಲ್ಲಿ ದಾರಿ ನೀರಿಗಿಂತ ಧೂಳು. ಒಡೆಯೋ ಕೆಲಸದವರು, ರಾಶಿ ಮೇಲೆ ಆಡೋ ಮಕ್ಕಳು. ತಿಕೋಟಾ ಕಡೆ ದ್ರಾಕ್ಷಿ ಒಣಗಿಸೋದು ಬದಿ ತೆರೆದ ಶೆಡ್ಡಲ್ಲಿ, ಬೇಸಿಗೆಯಲ್ಲಿ. ಶೆಡ್ಡಿನ ದಾರಿಗೆ ಬಣ್ಣದ ಅವಶೇಷ ಹಾಕಿದ್ರೆ ಟ್ರ್ಯಾಕ್ಟರ್ ಎಬ್ಬಿಸೋ ಧೂಳು ಎಲ್ಲಿ ಕೂರುತ್ತೆ? ಅಂಟಂಟಾದ ಒಣದ್ರಾಕ್ಷಿ ಮೇಲೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿದ್ದ ಡಾ. ತುಪ್ಪಿಲ್ ವೆಂಕಟೇಶ್ ಮಕ್ಕಳ ರಕ್ತದ ಸೀಸದ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದವರು. 1990ರ ದಶಕದ ಕೊನೆಗೆ ಜಾರ್ಜ್ ಫೌಂಡೇಶನ್ ಭಾರತದ ದೊಡ್ಡ ನಗರಗಳಲ್ಲಿ ಮಾಡಿಸಿದ ಪರೀಕ್ಷೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಡೆಸಿಲೀಟರಿಗೆ 10 ಮೈಕ್ರೋಗ್ರಾಂಗಿಂತ ಹೆಚ್ಚು ಸೀಸ ಕಂಡಿತ್ತು. ಆಗ ಪೆಟ್ರೋಲಿಗೂ ಸೀಸ ಹಾಕ್ತಿದ್ರು, ಅದು ನಿಂತಿದ್ದು 2000ದಲ್ಲಿ. ಗೋಡೆ, ಕಿಟಕಿಯ ಬಣ್ಣ ಮಾತ್ರ ಇನ್ನೂ ಅಲ್ಲೇ ಇದೆ.

2016ರ ಕಟ್ಟಡ ತ್ಯಾಜ್ಯ ನಿಯಮದಲ್ಲಿ ದಿನಕ್ಕೆ 20 ಟನ್ ಅಥವಾ ಒಂದು ಪ್ರಾಜೆಕ್ಟಿಗೆ ತಿಂಗಳಿಗೆ 300 ಟನ್ ದಾಟೋರು ಕಾಂಕ್ರೀಟ್, ಮಣ್ಣು, ಇಟ್ಟಿಗೆ–ಗಾರೆ, ಮತ್ತೆ ಉಕ್ಕು–ಕಟ್ಟಿಗೆ–ಪ್ಲಾಸ್ಟಿಕ್ ಅಂತ ಬೇರೆ ಮಾಡಬೇಕಿತ್ತು. ಬಣ್ಣ ಬಳಿದ ಭಾಗಕ್ಕೆ ಬೇರೆ ಗುಂಪು ಅದರಲ್ಲಿರಲಿಲ್ಲ. ಆದ್ರೆ ಅಗ್ಗದ ಉಪಾಯ ಅಲ್ಲೇ ಇದೆ: ಒಡೆಯೋ ಮೊದಲೇ ಕಿಟಕಿ, ಬಾಗಿಲು, ಎನಾಮೆಲ್ ಹಚ್ಚಿದ ಪ್ಲಾಸ್ಟರ್ ಬೇರೆ ತೆಗೆದು, ನೀರು ಚಿಮುಕಿಸಿ ಚೀಲಕ್ಕೆ ತುಂಬೋದು. ಉಳಿದ ರಾಶಿ ಹೊಲದ ದಾರಿಗೆ ಹೋಗಲಿ.

ಮಿನಿ ಪ್ರಾಜೆಕ್ಟಿಗೆ ಇದನ್ನ ತಗೊಳ್ಳೋರಿದ್ರೆ ಎಎಎಸ್ ಇಲ್ಲ ಅಂತ ಕೈಬಿಡಬೇಡಿ. ಮಾದರಿ ತೆಗೆಯೋದು, ಜರಡಿ ಹಿಡಿಯೋದು, ಹಕ್ಕಳೆ ಆರಿಸಿ ತೂಕ ಮಾಡೋದು, ಪಿಎಚ್ ನೋಡೋದು ಕ್ಯಾಂಪಸ್ಸಲ್ಲೇ ಆಗುತ್ತೆ. ಸೋಸಿದ ದ್ರಾವಣವನ್ನ ಮಾತ್ರ ಮಾನ್ಯತೆ ಇರೋ ಲ್ಯಾಬಿಗೆ ಕಳಿಸಿ. ಮಾಸ್ಕ್ ಹಾಕ್ಕೊಳ್ಳಿ, ಪುಡಿ ಮಾಡೋವಾಗ ಒದ್ದೆ ಮಾಡಿ, ಕೈ ತೊಳೀದೆ ಕ್ಯಾಂಟೀನಿಗೆ ಹೋಗಬೇಡಿ. ಚೀಲದ ಮೇಲೆ ಊರು, ತಾರೀಖು, ಮನೆ ಕಟ್ಟಿದ ಅಂದಾಜು ವರ್ಷ, ಬಣ್ಣ ಯಾವುದು, ರಾಶಿಯ ಎಷ್ಟು ಕಡೆಯಿಂದ ತೆಗೆದದ್ದು, ಇಷ್ಟನ್ನೂ ಪೆನ್ಸಿಲಲ್ಲಿ ಬರೆದ ಚೀಟಿ ಹಾಕಿ. ಪೆನ್ನಿನ ಇಂಕು ಒದ್ದೆ ಆದ್ರೆ ಅಳಿಸುತ್ತೆ.